ಕೆಂಪು ಕಂಬ, ಬಿಳಿ ಕಿಂಡಿ

ದಾವಣಗೆರೆಯ ಶಂಕರಪ್ಪನವರು ವಿಜಯವಾಡದ ಪಟಮಟಕ್ಕೆ ಅಳಿಯನಾಗಿ ಬಂದು ಮೂವತ್ತು ವರ್ಷವಾಯಿತು. ಅಷ್ಟೂ ವರ್ಷ ಅಲ್ಲಿನ ಖಾಸಗಿ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಕಡತದ ಧೂಳು ಕುಡಿದವರು. ಐವತ್ತಾರನೇ ವಯಸ್ಸಿನಲ್ಲಿ ಅವರಿಗೆ ಅಂಕಿಅಂಶ ವಿಶ್ಲೇಷಿಸುವ ಸಾಫ್ಟ್‌ವೇರ್ ಕಲಿಸಿದ್ದೇ ತಡ, ಕೋತಿಗೆ ಹೆಂಡ ಕುಡಿಸಿದಂತಾಯಿತು. ಒಂದೇ ಲೆಕ್ಕವನ್ನು ಕಂಬವಾಗಿ ನಿಲ್ಲಿಸಬಹುದು, ಗೆರೆಯಾಗಿ ಹರಿಸಬಹುದು, ಹೋಳಿಗೆಯಂತೆ ದುಂಡಗೆ ತಟ್ಟಿ ಹೋಳು ಮಾಡಬಹುದು! ಕ್ಯಾಂಟೀನಿನ ಇಡ್ಲಿ ಎಷ್ಟು ಖರ್ಚಾಯಿತೆನ್ನುವುದಕ್ಕೂ ಏಳು ಬಣ್ಣದ ಚಿತ್ರ ತೆಗೆದರು. ಅದನ್ನು ಕೇಳಿದವರು ಯಾರೂ ಇರಲಿಲ್ಲ.

ಈ ಉತ್ಸಾಹದಲ್ಲೇ ಎಡವಟ್ಟಾಯಿತು. ವೈದ್ಯರು ಡಿಸ್ಚಾರ್ಜ್ ಬರೆದ ಮೇಲೆ ರೋಗಿ ಹಾಸಿಗೆ ಬಿಡಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ವಿಶಾಖಪಟ್ಟಣದ ಮುಖ್ಯ ಕಚೇರಿ ಕೇಳಿತು. ಶಂಕರಪ್ಪನವರು ಪಾಳಿಗೊಂದು ಕಂಬ ನಿಲ್ಲಿಸಿ, ಚೆಂದ ಕಾಣಲಿ ಎಂದು ಎಲ್ಲಕ್ಕಿಂತ ಎತ್ತರದ್ದಕ್ಕೆ ಕೆಂಪು ಬಳಿದು ಕಳಿಸಿದರು. ಆ ಕಂಬ ಹಗಲು ಪಾಳಿಯಲ್ಲಿ ಡಿಸ್ಚಾರ್ಜ್ ಕೌಂಟರ್ ನೋಡಿಕೊಳ್ಳುವ ಗಂಗಾಭವಾನಿಯದು. ವಾರದೊಳಗೆ ಆದೇಶ ಬಂತು: ಮುಂದಿನ ತಿಂಗಳಿಂದ ಆಕೆ ಮುನ್ನೂರು ಕಿಲೋಮೀಟರ್ ಆಚೆಯ ಅನಕಾಪಲ್ಲಿ ಶಾಖೆಗೆ.

ಅನಕಾಪಲ್ಲಿಯ ಬೆಲ್ಲ ಎಷ್ಟೇ ಸಿಹಿಯಿರಲಿ, ವಿಜಯವಾಡದ ಒನ್ ಟೌನ್ ಬಡಾವಣೆಯ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಆಕೆ ಹೋಗುವುದಾದರೂ ಹೇಗೆ?

"ನಿಮ್ಮ ಚಿತ್ರ ತುಂಬ ಚೆನ್ನಾಗಿತ್ತಂತೆ, ಶಂಕರಪ್ಪಗಾರು," ಎಂದಳು ಗಂಗಾಭವಾನಿ, ತೆಲುಗಿನಲ್ಲಿ. ಬೈದಿದ್ದರೆ ವಾಸಿಯಿತ್ತು.

ಅದೇ ಅಂಕಿಗಳನ್ನು ಶಂಕರಪ್ಪನವರು ಮತ್ತೆ ಮತ್ತೆ ತಿರುವಿ ಹಾಕಿದರು. ದುಂಡು ಚಿತ್ರ ಬಾಯಿ ಬಿಡಲಿಲ್ಲ. ಗೆರೆ ಚಿತ್ರ ಸುಮ್ಮನೆ ಹೊರಳಾಡಿತು. ಭಾನುವಾರ ಮನೆಯಲ್ಲಿ ಕೂತು ಅಡ್ಡಕ್ಕೆ ವಾರದ ದಿನಗಳು, ಉದ್ದಕ್ಕೆ ಅರ್ಧರ್ಧ ಗಂಟೆ ಇಟ್ಟು ಚೌಕಚೌಕವಾಗಿ ಹರಡಿದರು. ರೋಗಿಗಳು ಹೆಚ್ಚು ಹೊರಟ ಹೊತ್ತಿಗೆ ಗಾಢ ನೀಲಿ, ಯಾರೂ ಹೊರಡದ ಹೊತ್ತಿಗೆ ಬಿಳಿ. ನೀಲಿಯ ನಡುವೆ ದಿನಕ್ಕೊಂದು ಬಿಳಿ ಕಿಂಡಿ ತೆರೆಯಿತು. ಬುಧವಾರ ಹನ್ನೆರಡರಿಂದ ಒಂದೂವರೆ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು, ಮಂಗಳವಾರ ಮೂರರಿಂದ ನಾಲ್ಕೂವರೆ.

ಕಾಫಿ ತಂದ ಹೆಂಡತಿ ದುರ್ಗಾಂಬ ಬಗ್ಗಿ ನೋಡಿದರು. "ಏಮಂಡಿ, ರಾಹುಕಾಲದ ಪಟ್ಟಿಗೆ ಯಾಕೆ ಬಣ್ಣ ಹಚ್ತಾ ಕೂತಿದೀರಿ? ಗೋಡೆ ಮೇಲಿನ ಕ್ಯಾಲೆಂಡರಲ್ಲೇ ಇದೆಯಲ್ಲ!"

ಶಂಕರಪ್ಪನವರು ಕುಣಿಯುವುದೊಂದು ಬಾಕಿ. ಬಿಲ್ಲು, ಔಷಧ ಎಲ್ಲ ಸಿದ್ಧವಿದ್ದರೂ ರಾಹುಕಾಲ ಕಳೆಯಲಿ ಎಂದು ರೋಗಿಗಳು ಹಾಸಿಗೆ ಬಿಟ್ಟೇಳುತ್ತಿರಲಿಲ್ಲ. ಸಂಜೆ ಆರರ ಮೇಲಿನ ಪಾಳಿಗೆ ಆ ಕಾಟವೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮರುದಿನ ಕೇಳಿದರೆ ಗಂಗಾಭವಾನಿ ಹೇಳಿದಳು: "ಇದು ಯಾರಿಗೆ ಗೊತ್ತಿಲ್ಲ? ಕಂಪ್ಯೂಟರಿನ 'ತಡಕ್ಕೆ ಕಾರಣ' ಪಟ್ಟಿಯಲ್ಲಿ ರಾಹುವಿನ ಹೆಸರಿಲ್ಲವಲ್ಲ."

ಆ ಶುಕ್ರವಾರ ವಿಶಾಖಪಟ್ಟಣಕ್ಕೆ ಹೋಗಿ ನಿರ್ದೇಶಕ ಫಣೀಂದ್ರ ಅವರ ಮುಂದೆ ಚಿತ್ರ ತೆರೆದಾಗ ಗಂಟೆ ಹನ್ನೊಂದು. ಸಾಹೇಬರು ನಕ್ಕರು.

"ಯಾವ ಕಾಲದಲ್ಲಿದ್ದೀರಿ ಶಂಕರಪ್ಪಗಾರು? ಇಂಥದ್ದನ್ನೆಲ್ಲ ಈಗ ಯಾರು ನಂಬುತ್ತಾರೆ?"

ಶಂಕರಪ್ಪನವರು ಇನ್ನೊಂದು ಚಿತ್ರ ತೆರೆದರು. ಅದೇ ದಿನಗಳು, ಅದೇ ಗಂಟೆಗಳು, ಅದೇ ಬಿಳಿ ಕಿಂಡಿಗಳು. ಆದರೆ ಇದು ರೋಗಿಗಳದಲ್ಲ. ಫಣೀಂದ್ರ ಅವರು ಒಂದು ವರ್ಷದಲ್ಲಿ ಕಂಪ್ಯೂಟರಿನಲ್ಲಿ ಕಡತಗಳನ್ನು ಮಂಜೂರು ಮಾಡಿದ ಹೊತ್ತು.

ಸಾಹೇಬರ ಕಿವಿ ಕೆಂಪಾಯಿತು. "ಇದು ಕಾಕತಾಳೀಯ. ನನಗಂಥ ನಂಬಿಕೆಯೇನೂ ಇಲ್ಲ!" ಎನ್ನುತ್ತ, ಅದನ್ನು ತೋರಿಸಿಯೇ ಬಿಡುವ ಹಟಕ್ಕೆ, ವರ್ಗಾವಣೆಯ ಆದೇಶವನ್ನು ಎಳೆದುಕೊಂಡು 'ರದ್ದು' ಎಂದು ಬರೆದು ಅಲ್ಲೇ ಸಹಿ ಹಾಕಿದರು.

ಶಂಕರಪ್ಪನವರ ಕಣ್ಣು ತುಂಬಿ ಬಂತು. ಕಾಗದವನ್ನು ಎದೆಗೊತ್ತಿಕೊಂಡು ಬಾಗಿಲವರೆಗೆ ಹೋದವರು ಗಡಿಯಾರ ನೋಡಿ ನಿಂತರು. ಹನ್ನೊಂದೂ ಹತ್ತು. ಮೆಲ್ಲಗೆ ತಿರುಗಿ ಬಂದರು.

"ಸಾರ್, ಬೇಜಾರು ಮಾಡ್ಕೋಬೇಡಿ. ಪಾಪ, ಆಕೆ ಬದುಕಿನ ವಿಷಯ. ಹನ್ನೆರಡು ದಾಟಿದ ಮೇಲೆ ಇನ್ನೊಂದು ಸಹಿ ಹಾಕ್ಬಿಡಿ. ಅಲ್ಲಿವರೆಗೂ ನಾನು ಹೊರಗೆ ಕೂತಿರ್ತೀನಿ."