ಹ್ಯಾಂಡಲ್ ಚೀಲದಲ್ಲಿಟ್ಟ ಇಷ್ಟಲಿಂಗ

ಕಳೆದ ಆಗಸ್ಟ್‌ನಲ್ಲಿ, ಫ್ರಾನ್ಸಿನ ಹಳ್ಳಿದಾರಿಯೊಂದರಲ್ಲಿ ನನ್ನ ಇಷ್ಟಲಿಂಗ ಕಳೆದುಹೋಯಿತು. ಹೀಗೆಂದರೆ ಪೂರ್ತಿ ನಿಜ ಹೇಳಿದಂತಾಗುವುದಿಲ್ಲ. ಕೊರಳಿನಿಂದ ಅದನ್ನು ತೆಗೆದವಳು ನಾನೇ. ಶರಣ ಬಂಧುಗಳಿಗೆ ಇದನ್ನು ಮೊದಲೇ ಹೇಳಿಬಿಡಬೇಕು.

ನಾನು ಜರ್ಮನಿಯ ಬೊಬ್ಲಿಂಗೆನ್‌ನಲ್ಲಿ ಎಂಜಿನಿಯರ್. ಎರಡು ವಾರ ರಜೆ ಹಾಕಿ, ರೈನ್ ನದಿ ದಾಟಿ, ಸೈಕಲ್ ಮೇಲೆ ಒಬ್ಬಳೇ ಫ್ರಾನ್ಸ್ ಸುತ್ತಲು ಹೊರಟಿದ್ದೆ. ಧಾರವಾಡದಲ್ಲಿ ಅಪ್ಪ ಬೇಡವೆಂದರು. ಅವ್ವ ನನ್ನ ಪರ ನಿಂತಳು. “ಒಬ್ಬಾಕಿ ಎಲ್ಲಿ ಹೊಂಟಾಳ್ರೀ? ಕೊರಳಾಗ ಲಿಂಗಯ್ಯ ಅದಾನಲ್ಲ.”

ಎರಡನೆಯ ದಿನವೇ ಬಿಸಿಲು ವಿಪರೀತವಾಯಿತು. ಬಗ್ಗಿ ಪೆಡಲ್ ತುಳಿಯುವಾಗ ಲಿಂಗವಿದ್ದ ಬೆಳ್ಳಿ ಕರಡಿಗೆ ಎದೆಗೆ ಬಡಿಯುತ್ತಿತ್ತು. ಬೆವರಿಗೆ ಶಿವದಾರ ಕೊರಳನ್ನು ತರಚುತ್ತಿತ್ತು. ತೆಗೆದು ಹ್ಯಾಂಡಲ್ ಚೀಲಕ್ಕೆ ಹಾಕಿದೆ. ಅಲ್ಲಿಗೆ ಪೂಜೆಯೂ ನಿಂತಿತು. ಲಿಂಗಪೂಜೆಯಾಗದೆ ಉಣ್ಣಬಾರದೆಂಬ ನೇಮ ಬಿಟ್ಟು, ಬೇಕರಿಯಲ್ಲಿ ಕೊಂಡದ್ದನ್ನು ದಾರಿಯಲ್ಲೇ ತಿನ್ನುತ್ತಿದ್ದೆ. ಅವ್ವ ಫೋನಿನಲ್ಲಿ “ಪೂಜಿ ಆತೇನವಾ?” ಎಂದಾಗಲೆಲ್ಲ “ಆತವ್ವಾ” ಎಂದೆ.

ಐದನೆಯ ದಿನ ಸಂಜೆ ನಾಲ್ಕಕ್ಕೆ ಟೆಂಟ್ ಹಾಕಿ ಚೀಲ ನೋಡಿದರೆ ಕರಡಿಗೆ ಇರಲಿಲ್ಲ. ಬೆಳಿಗ್ಗೆ ಕಾಲುವೆಯ ದಡದಲ್ಲಿ ಪಂಕ್ಚರ್ ಆದಾಗ, ಪ್ಯಾಚ್ ಹುಡುಕಲು ಚೀಲವನ್ನೇ ಹುಲ್ಲಿನ ಮೇಲೆ ಸುರುವಿದ್ದೆ. ಆ ಜಾಗ ಐವತ್ತು ಕಿಲೋಮೀಟರ್ ಹಿಂದೆ ಉಳಿದಿತ್ತು.

ಅವ್ವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ಸುಳ್ಳು ಹೇಳಿದ್ದನ್ನೂ ಸೇರಿಸಿ. ಅವಳು ಬೈಯಲಿಲ್ಲ.

“ಸಿಗೂತನಕ ನನಗೂ ಊಟ ಬ್ಯಾಡ.”

“ಶುಗರ್ ಐತವ್ವಾ ನಿನಗ!”

“ಐತಿ. ನೀ ಹುಡುಕು.”

ಆಗಲೇ ಹೊರಡಬೇಕಿತ್ತು, ಬೆಳಕು ಇನ್ನೂ ಬಹಳ ಹೊತ್ತು ಇರುತ್ತಿತ್ತು. ಕಾಲು ಸೋತಿವೆ ಎಂದು ಮಲಗಿಬಿಟ್ಟೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ನಸುಕಿನಲ್ಲೇ ಬರಿಹೊಟ್ಟೆಯಲ್ಲಿ ಹೊರಟೆ. ಒಂಬತ್ತಕ್ಕೆ ಆ ಜಾಗ ತಲುಪಿದೆ. ದಡದ ಹುಲ್ಲನ್ನೆಲ್ಲ ಯಂತ್ರದಿಂದ ಕೊಯ್ದಿದ್ದರು. ಮೊಣಕಾಲೂರಿ ಕೈಯಿಂದ ಹುಲ್ಲು ಕೆದಕುತ್ತಿದ್ದಾಗ ಅಪ್ಪನ ಫೋನ್ ಬಂತು. “ನಿಮ್ಮವ್ವಗ ಕೈ ನಡಗಾಕತ್ತಾವು. ಸಕ್ರಿ ನೀರು ಕೊಟ್ರೂ ಬಾಯಿ ತಗೀವಲ್ಲಳು. ಲಗೂ ನೋಡವಾ.”

ಶಿವನೇ, ನನ್ನ ಮುಖ ನೋಡಬೇಡ, ಅವಳಿಗಾಗಿ ತೋರಿಸು ಎಂದು ಬೇಡಿದೆ. ಅಳುವುದಕ್ಕೂ ಆಗಲಿಲ್ಲ.

ಕಾಲುವೆಯ ಪಕ್ಕದ ಪುಟ್ಟ ಮನೆಯಿಂದ ಒಬ್ಬ ಅಜ್ಜಿ ಬಂದು ಫ್ರೆಂಚಿನಲ್ಲಿ ಏನೋ ಕೇಳಿದರು. ನನಗೆ ತಿಳಿಯದಿದ್ದಾಗ ಜರ್ಮನ್‌ನಲ್ಲಿ ಕೇಳಿದರು: “ಬೆಳ್ಳಿಯದಾ, ಮಗಳೇ?”

ಹಿಂದಿನ ದಿನ ಹುಲ್ಲು ಕೊಯ್ಯುವವರು ಬರುವ ಮೊದಲು ಅದು ಅವರ ಕಣ್ಣಿಗೆ ಬಿದ್ದಿತ್ತು. ಶಿವದಾರವನ್ನು ಒಗೆದು ಹಗ್ಗಕ್ಕೆ ಹರವಿದ್ದರು. ಕರಡಿಗೆಯನ್ನು ಬಿಳಿ ಕರವಸ್ತ್ರದ ಮೇಲಿಟ್ಟಿದ್ದರು, ತೆರೆದಿರಲಿಲ್ಲ.

“ದಾರ ಸವೆದದ್ದು ನೋಡಿದರೆ, ವರ್ಷಗಟ್ಟಲೆ ಮೈಮೇಲೆ ಇದ್ದದ್ದು. ತೆಗೆದದ್ದು ಯಾಕೆ?”

“ಸೆಕೆಗೆ.”

ಅವರು ನಕ್ಕುಬಿಟ್ಟರು. “ನಮ್ಮ ಯಜಮಾನರೂ ಸೆಕೆ ಅಂತಲೇ ಮದುವೆ ಉಂಗುರ ತೆಗೀತಿದ್ದರು. ಅದನ್ನ ಹುಡುಕೋಕೆ ಎರಡು ಸಲ ಈ ಕಾಲುವೆಗೆ ಇಳಿಸಿದ್ದೀನಿ ಅವರನ್ನ!”

ನಾನು ಚೀಲದೊಳಗೆ ಎಸೆದಿದ್ದನ್ನು, ಅದೇನೆಂದು ತಿಳಿಯದ ಅವರು ಬಿಳಿ ಬಟ್ಟೆಯ ಮೇಲಿಟ್ಟಿದ್ದರು. ಅವರ ಮೆಟ್ಟಿಲ ಮೇಲೆಯೇ ಕುಳಿತು ಪೂಜೆ ಮಾಡಿದೆ. ಫೋನಿನ ಪರದೆಯಲ್ಲಿ ಲಿಂಗವನ್ನು ಕಂಡ ಮೇಲೆ ಅವ್ವ ಅಪ್ಪನ ಕೈಯಿಂದ ಲೋಟ ತೆಗೆದುಕೊಂಡಳು.

ಆ ಅಜ್ಜಿಗೂ ಅವರ ರೂಪದಲ್ಲಿ ಬಂದವನಿಗೂ ನಾನು ಋಣಿ. ಶಿವ ಮೊರೆ ಕೇಳುತ್ತಾನೆ ಎಂಬುದರಲ್ಲಿ ಇಂದು ನನಗೆ ಅನುಮಾನವಿಲ್ಲ. ಅಂದು ಅವನು ಕೇಳಿದ್ದು ಯಾರ ಮೊರೆಯನ್ನು ಎಂಬುದರಲ್ಲೂ ಇಲ್ಲ. ನಾನು ಟೆಂಟಿನಲ್ಲಿ ನಿದ್ದೆ ಮಾಡಿದ್ದೆ. ಧಾರವಾಡದಲ್ಲಿ ಅವ್ವ ಹಸಿದು ಎಚ್ಚರವಿದ್ದಳು.