ತುತ್ತೂರಿ ಎರಡು ಸಲ ಬಂದ ಸಂಜೆ

ಮೊನ್ನೆ ಮಾಳಿಗೆಯ ಮೇಲಿನ ಟ್ರಂಕಿನ ಮುಚ್ಚಳ ಎತ್ತಿದ್ದೇ ತಡ, ನನಗೆ ಸಾಲಾಗಿ ಏಳು ಸೀನು ಬಂದವು. ಎಣಿಸಿದ್ದು ನಾನಲ್ಲ, ಕೆಳಗೆ ಪೇಪರು ಓದುತ್ತ ಕೂತಿದ್ದ ನಮ್ಮ ಯಜಮಾನರು. ಇಂಥ ಲೆಕ್ಕದಲ್ಲಿ ಅವರು ಎಂದೂ ತಪ್ಪುವುದಿಲ್ಲ. "ಏನ್ ಐತಿ ಅದರಾಗ, ಖಾರಪುಡಿ ಏನು?" ಎಂದು ಕೂಗಿದರು. ಖಾರಪುಡಿಯಲ್ಲ, ತಂಬಾಕಿನ ಎಲೆ. ಐದು ಗ್ರಾಮಫೋನ್ ರಿಕಾರ್ಡು, ಒಂದೊಂದರ ಹೊದಿಕೆಯೊಳಗೆ ಒಂದೊಂದು ಒಣ ಎಲೆ. ಮುಟ್ಟಿದರೆ ಪುಡಿಪುಡಿ.

ನಿಪ್ಪಾಣಿ ಸೀಮೆಯ ಮನೆಗಳಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೇಷ್ಮೆ ಸೀರೆಗೆ ಹುಳ ಬೀಳಬಾರದೇ? ತಂಬಾಕಿನ ಎಲೆ ಇಡು. ಕಂಬಳಿಗೆ? ತಂಬಾಕು. ಬೀಡಿಯ ಹೊಗೆಯನ್ನು ಕಂಡರೆ ಮುಖ ತಿರುಗಿಸುವ ನಮ್ಮಂಥ ಜೈನರ ಮನೆಯಲ್ಲೂ ಹೊಲದ ತುಂಬ ಅದೇ ಬೆಳೆ, ಟ್ರಂಕಿನ ತುಂಬ ಅದೇ ವಾಸನೆ. ನಮ್ಮ ಬಾಬು ಕಾಕಾ ಅದನ್ನು ಜಾಝ್ ಸಂಗೀತಕ್ಕೂ ಹಾಕಿದ, ಅಷ್ಟೇ ವಿಶೇಷ.

ಬಾಬು ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮುಂಬೈಯ ಒಂದು ಛಾಪಖಾನೆಯಲ್ಲಿ ಹದಿನೈದು ವರ್ಷ ದುಡಿದು, ಅದು ಮುಚ್ಚಿದ ಮೇಲೆ ಎಂಬತ್ತರ ದಶಕದ ಶುರುವಿನಲ್ಲಿ ನಿಪ್ಪಾಣಿ ಹತ್ತಿರದ ಅಕ್ಕೋಳದ ನಮ್ಮ ಮನೆಗೆ ಮರಳಿದ. ಊರವರು ಮುಂಬೈಯಿಂದ ಬಂದವನ ಗಂಟು ಬಿಚ್ಚುವುದನ್ನು ನೋಡಲು ಕಾದರು. ಗಂಟಿನಲ್ಲಿ ಇದ್ದದ್ದು ಒಂದು ಹಾಸಿಗೆ, ಸೂಟ್‌ಕೇಸಿನ ಹಾಗೆ ಮಡಚುವ ಒಂದು ರಿಕಾರ್ಡ್ ಪ್ಲೇಯರು, ಈ ಐದು ರಿಕಾರ್ಡು. ಅವನ ಚಾಳಿನ ನೆರೆಮನೆಯಲ್ಲಿ ಹೋಟೆಲುಗಳಲ್ಲಿ ಸ್ಯಾಕ್ಸೊಫೋನ್ ಊದುವ ಗೋವಾದವನೊಬ್ಬ ಇದ್ದನಂತೆ. ಅವನು ಮುಂಬೈ ಬಿಡುವಾಗ ಈ ರಿಕಾರ್ಡುಗಳನ್ನು ಕಾಕಾನಿಗೆ ಕೊಟ್ಟು ಹೋದನಂತೆ. ಹೊದಿಕೆಯ ಮೇಲೆ ನೀಲಿ ಬಣ್ಣದಲ್ಲಿ ಕಣ್ಣು ಮುಚ್ಚಿ ಊದುತ್ತಿರುವ ಕರಿಯ ಮುಖಗಳು, ಬಾಗಿಲಷ್ಟು ದೊಡ್ಡ ಅಕ್ಷರಗಳು. ಛಾಪಖಾನೆಯವನಾದ ಕಾಕಾ ಆ ಅಕ್ಷರಗಳನ್ನೇ ಸವರುತ್ತ ಕೂರುತ್ತಿದ್ದ.

"ಇದಕ್ಕ ಹಾರ್ಡ್ ಬಾಪ್ ಅಂತಾರ್ರಿ ಅಣ್ಣಾ," ಎಂದು ಅಪ್ಪನಿಗೆ ಪಾಠ ಹೇಳುತ್ತಿದ್ದ. "ಅಮೇರಿಕಾದ ಕರಿಯರು ಐವತ್ತು, ಅರವತ್ತರ ಕಾಲಕ್ಕ ಬಾರಿಸಿದ್ದು. ಅವರ ದೇವರ ಭಜನಿ, ಅವರ ದುಃಖ, ಎಲ್ಲಾ ಇದರಾಗ ಐತಿ. ಮೊದಲ ಎಲ್ಲಾರೂ ಕೂಡಿ ಒಂದ ಮಾತ ಹೇಳ್ತಾರ. ಆಮ್ಯಾಲೆ ಒಬ್ಬೊಬ್ಬನ ಎದ್ದು ತನ್ನ ಮನಸಿನ್ಯಾಗಿಂದ ಹೇಳ್ತಾನ. ಕಡೀಕ ಮತ್ತ ಎಲ್ಲಾರೂ ಕೂಡ್ತಾರ."

"ನಮ್ಮ ಪಂಚಾಯ್ತಿ ಆತಲ್ಲೋ," ಎಂದ ಅಪ್ಪ. "ಇಲ್ಲಿ ಕಡೀಕ ಕೂಡೂದಿಲ್ಲ, ಅಷ್ಟ ಫರಕ."

ಕಾಕಾನ ತಾಯಿ, ಅಂದರೆ ನನ್ನ ಅಜ್ಜಿಗೆ ನಾವೆಲ್ಲ ಆಯಿ ಎನ್ನುತ್ತಿದ್ದೆವು. ಆಯಿಗೆ ಆ ಸದ್ದು ಕಂಡರಾಗದು. "ದನಾ ಬೆದರ್ತಾವ, ಬಂದ್ ಮಾಡೋ" ಎನ್ನುತ್ತಿದ್ದಳು. ಅಂಥವಳ ಊಟಕ್ಕೇ ಆ ರಿಕಾರ್ಡು ಬಂದು ಕೂತದ್ದು ಹೇಗೆ ಎಂಬುದೇ ನಾನು ಹೇಳಹೊರಟ ಕಥೆ.

ಸೂರ್ಯ ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಊಟವಿಲ್ಲ. ನಾವು ಹುಡುಗರು ಕದ್ದು ಪುಟಾಣಿ ಕಡಲೆ ತಿಂದದ್ದುಂಟು, ಸುಳ್ಳೇಕೆ ಹೇಳಲಿ. ಆದರೆ ಆಯಿಯ ನೇಮ ಕಲ್ಲಿನಂಥದು. ಹೊತ್ತು ಮುಳುಗಿತೆಂದರೆ ಒಂದು ಗುಟುಕು ನೀರೂ ಇಲ್ಲ, ಕೈ ತೊಳೆದು ಜಪಮಾಲೆ ಹಿಡಿದು ಕೂರುವುದೇ. ಅವಳಿಗೆ ಕಣ್ಣಿನ ಪೊರೆ ದಪ್ಪವಾಗಿ ಹಗಲೂ ಮುಸ್ಸಂಜೆಯೂ ಒಂದೇ ಆದಾಗ ಕಷ್ಟ ಶುರುವಾಯಿತು. ಅದರಲ್ಲೂ ಮಳೆಗಾಲದ ಮೋಡ. ತುತ್ತು ಎತ್ತುವಳು, ಇಳಿಸುವಳು. "ಹೊತ್ತ ಐತೇನವಾ ಇನ್ನಾ? ಖರೆ ಹೇಳ್ರಿ." ಗೋಡೆಯ ಗಡಿಯಾರ ತೋರಿಸಿದರೆ ಬೈಯುತ್ತಿದ್ದಳು: "ಅದು ಟಿಕ್ ಟಿಕ್ ಅಂತೈತಿ. ಎಷ್ಟ ಉಳದೈತಿ ಅಂತ ಹೇಳ್ತೈತೇನು?" ಹೀಗೆ ಅರ್ಧ ಹೊಟ್ಟೆಯಲ್ಲೇ ಏಳುತ್ತ ಆಯಿ ಕಡ್ಡಿಯಾದಳು.

ಉಪಾಯ ಹೊಳೆದದ್ದು ಕಾಕಾನಿಗೆ. ಅವನ ಒಂದು ರಿಕಾರ್ಡಿನ ಒಂದು ಬದಿ ಸರಿಯಾಗಿ ಇಪ್ಪತ್ತು ನಿಮಿಷ, ಅದರಲ್ಲಿ ಮೂರು ಹಾಡು. ಪಂಚಾಂಗದಲ್ಲಿ ಸೂರ್ಯಾಸ್ತ ನೋಡಿ ಅದಕ್ಕೆ ಇಪ್ಪತ್ತೆರಡು ನಿಮಿಷ ಮುಂಚೆ ರಿಕಾರ್ಡಿನ ಮೇಲೆ ಮುಳ್ಳು ಇಡುವುದು, ಅದು ಮುಗಿದಾಗ ಏಳುವುದು. ಪ್ಲೇಯರು ಸೆಲ್ಲಿನ ಮೇಲೂ ನಡೆಯುತ್ತಿದ್ದರಿಂದ ಕರೆಂಟಿನ ಹಂಗೂ ಇಲ್ಲ. ಮೊದಲ ವಾರ ಆಯಿ ಮೂಗು ಮುರಿದಳು. ಎರಡನೆಯ ವಾರ ಹೊಟ್ಟೆ ತುಂಬ ಉಂಡಳು. ತಿಂಗಳಾಗುವಷ್ಟರಲ್ಲಿ ಆ ಅಮೇರಿಕಾದವರನ್ನೆಲ್ಲ ಮದುವೆಯ ವಾಜಂತ್ರಿಯವರ ಹಾಗೆ ಗುರುತು ಹಿಡಿದಿದ್ದಳು. ಮೊದಲ ಹಾಡು ಟ್ರಂಪೆಟ್ಟಿನದು, ಅವನು ತುತ್ತೂರಿಯಾಂವ. ಎರಡನೆಯದು ಸ್ಯಾಕ್ಸೊಫೋನಿನದು, ಅವನು ಸನಾದಿಯಾಂವ. ಮೂರನೆಯದರಲ್ಲಿ ಡ್ರಮ್ಮಿನವನು ಒಬ್ಬನೇ ಮನೆ ಕಿತ್ತುಹೋಗುವ ಹಾಗೆ ಬಾರಿಸುತ್ತಿದ್ದ.

"ಸನಾದಿಯಾಂವ ಬಂದಾ, ಅನ್ನಾ ನೀಡ್ರಿ," ಎನ್ನುತ್ತಿದ್ದಳು ಆಯಿ. "ಡೊಳ್ಳಿನಾಂವ ಶುರು ಹಚ್ಚಿದಾ, ನೀರ ಕುಡೀರಿ, ನೀರ ಕುಡೀರಿ!"

ಆ ಡೊಳ್ಳಿನ ತಾಳಕ್ಕೆ ಅಪ್ಪ ಮಜ್ಜಿಗೆ ಅನ್ನ ನುಂಗುವ ವೇಗವನ್ನು ನೀವು ನೋಡಬೇಕಿತ್ತು. ಕಾಕಾ ಮಾತ್ರ ಉಣ್ಣುವುದನ್ನು ಬಿಟ್ಟು ನಮ್ಮ ಮುಖ ನೋಡುತ್ತಿದ್ದ. ಯಾರಾದರೂ ಒಬ್ಬರು ಇದನ್ನು ಗಡಿಯಾರವೆಂದಲ್ಲ, ಸಂಗೀತವೆಂದು ಕೇಳುತ್ತಾರೇನೋ ಎಂಬ ಆಸೆ. ಯಾರೂ ಕೇಳುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ನಾನಾಗ ನಿಪ್ಪಾಣಿಯಲ್ಲಿ ಪಿಯುಸಿ ಓದುತ್ತಿದ್ದೆ. ಶ್ರಾವಣದ ಒಂದು ಸಂಜೆ ಕಾಕಾ ಮತ್ತು ಅಪ್ಪ ಇಬ್ಬರೂ ಕರೋಶಿಯ ನೆಂಟರ ಮನೆಗೆ ಹೋಗಿದ್ದರು. ಹೋಗುವಾಗ ಕಾಕಾ, "ತಾಯೀ, ಇವತ್ತ ಮುಳ್ಳ ನಿನ್ನ ಕೈಯಾಗ ಐತಿ. ಅವ್ವನ ನೇಮ," ಎಂದು ಹೇಳಿ ಹೋದ. ನಾನು ಹೊತ್ತು ನೋಡಿಯೇ ಮುಳ್ಳು ಇಟ್ಟೆ. ನನ್ನ ಅವ್ವ ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆಯಿ ಊಟ ಬಡಿಸಿದ ಗಂಗಾಳದ ಮುಂದೆ ಕೂತಿದ್ದಳು. ತುತ್ತೂರಿ ಶುರುವಾಯಿತು.

ಆ ದಿನವೇ ಏಕೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ನೂರು ಸಲ ಕಿವಿಯ ಮೇಲೆ ಬಿದ್ದದ್ದು ಅಂದು ಒಳಗೆ ಇಳಿಯಿತು. ಎಲ್ಲಿಯೋ ಜಗಳವಾಡಿ ಬಂದವನೊಬ್ಬ ಹೊಸ್ತಿಲ ಮೇಲೆ ಕೂತು, ಯಾರನ್ನೂ ಬೈಯದೆ, ಆದದ್ದನ್ನೆಲ್ಲ ನಿಧಾನವಾಗಿ ಹೇಳಿಕೊಂಡ ಹಾಗಿತ್ತು. ನನ್ನ ಕಣ್ಣು ತುಂಬಿದವು. ಹಾಡು ಮುಗಿದಾಗ ನಾನು ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೇ ಇಟ್ಟೆ. ಇನ್ನೊಮ್ಮೆ ಕೇಳಬೇಕು ಎಂಬುದಷ್ಟೇ ತಲೆಯಲ್ಲಿ. ಅದು ಆಯಿಯ ಸೂರ್ಯ ಎಂಬುದು ಪೂರ್ತಿ ಮರೆತೇಹೋಗಿತ್ತು.

ಹಿಂದೆ ಅವ್ವ ಅನ್ನ ತಂದದ್ದು, ಆಯಿ "ಬ್ಯಾಡವಾ, ಹೊಟ್ಟಿ ತುಂಬೇತಿ" ಎಂದದ್ದು ಅರೆಬರೆ ಕೇಳಿಸಿತು. ನಾನು ತಿರುಗಲಿಲ್ಲ. ತುತ್ತೂರಿ ಮುಗಿದು, ಸನಾದಿ ಮುಗಿದು, ಡೊಳ್ಳೂ ಮುಗಿದ ಮೇಲೆ ನೀರಿನ ತಂಬಿಗೆ ಹಿಡಿದು ಆಯಿಯ ಹತ್ತಿರ ಹೋದೆ. "ಕುಡ್ಯಾಕ ಬ್ಯಾಡ. ಕೈಗೆ ಹಾಕು," ಎಂದಳು. ಅವಳ ಬೆರಳಿಗೆ ಹತ್ತಿದ ಹೆಸರುಕಾಳಿನ ಪಲ್ಯ ಒಣಗಿ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ಕೆರೆದು ತೊಳೆದೆ. ಆಗ ಗಡಿಯಾರ ನೋಡಿದೆ. ಸೂರ್ಯ ಮುಳುಗಿ ಏಳು ನಿಮಿಷವಾಗಿತ್ತು.

ತಂಬಿಗೆಯನ್ನು ಒಳಗೆ ಇಟ್ಟು ಬಂದೆ. ಆದದ್ದನ್ನು ಯಾರಿಗೂ ಹೇಳಲಿಲ್ಲ. ಮರುದಿನ ಆಯಿ, "ಇವತ್ತ ನಂದು ಉಪಾಸ," ಎಂದಳು. ಅಷ್ಟಮಿಯಲ್ಲ, ಚತುರ್ದಶಿಯಲ್ಲ. ಬರೀ ಬಿಸಿನೀರು ಕುಡಿದು, ಕರೋಶಿಯಿಂದ ಮರಳಿದ್ದ ಕಾಕಾನ ಕೈ ಹಿಡಿದು ಬಸದಿಗೆ ಹೋಗಿ ಬಂದು ಮಲಗಿದಳು. ಅವಳ ಎದೆ ಏರಿಳಿಯುತ್ತದೆಯೋ ಇಲ್ಲವೋ ಎಂದು ನಾನು ಬಾಗಿಲ ಸಂದಿಯಿಂದ ದಿನವಿಡೀ ನೋಡಿದೆ. ಎಪ್ಪತ್ತು ವರ್ಷ ಕಾಪಾಡಿಕೊಂಡ ನೇಮವನ್ನು ಕುರುಡಿಯೊಬ್ಬಳ ಕೈಯಿಂದ ಮುರಿಸಿದವಳು ನಾನು. ಇದಕ್ಕಿಂತ ಪಾಪ ಉಂಟೇ?

ಅಂದಿನಿಂದ ನಾನು ಆ ಮುಳ್ಳು ಮುಟ್ಟಲಿಲ್ಲ. ಕಾಕಾ ಕರೆದರೆ, "ನನಗ ಆ ಗದ್ದಲಾ ಸೇರೂದಿಲ್ಲ" ಎಂದುಬಿಟ್ಟೆ. ಅವನ ಮುಖ ಸಣ್ಣದಾಯಿತು. ಪ್ರಾಯಶ್ಚಿತ್ತಕ್ಕೆಂದು ಹೊತ್ತು ಮುಳುಗಿದ ಮೇಲೆ ಉಣ್ಣುವುದನ್ನು ನಾನೂ ಬಿಟ್ಟೆ, ಕದ್ದ ಪುಟಾಣಿಯನ್ನೂ. ಚಿಕ್ಕೋಡಿಗೆ ಸೊಸೆಯಾಗಿ ಬಂದ ಮೇಲೆ ನಮ್ಮತ್ತೆ ಓಣಿಯ ತುಂಬ ಸಾರಿದರು: "ನಮ್ಮ ಸೊಸಿ ಭಾಳ ಧರ್ಮಿಷ್ಠಳು ನೋಡ್ರಿ!" ಕಳ್ಳಿಗೆ ಆರತಿ ಎತ್ತಿದ ಹಾಗಾಗುತ್ತಿತ್ತು ನನಗೆ. ತಲೆ ಬಗ್ಗಿಸುತ್ತಿದ್ದೆ. ಅದನ್ನೂ ವಿನಯ ಎಂದರು.

ಆಯಿ ತೊಂಬತ್ತರ ದಶಕದ ನಡುವೆ ತೀರಿಹೋದಳು. ಅದಾದ ಕೆಲವು ತಿಂಗಳಿಗೆ ಕಾಕಾ ಬಸ್ಸಿನ ಟಾಪಿನ ಮೇಲೆ ಈ ಟ್ರಂಕು ಹೇರಿಕೊಂಡು ನಮ್ಮ ಮನೆಗೆ ಬಂದ. "ಪ್ಲೇಯರಿನ ಬೆಲ್ಟ ಹರದೈತಿ. ಈಗ ಅಲ್ಲಿ ಇದಕ್ಕ ಕೆಲಸಿಲ್ಲ. ನೀ ಇಟ್ಕೊ. ಸೇರೂದಿಲ್ಲಂದ್ರ ಮೂಲ್ಯಾಗ ಒಗಿ," ಎಂದ. ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಹದಿಮೂರು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಅಳುತ್ತ ಒದರಿಬಿಟ್ಟೆ: ಸೇರದೆ ಅಲ್ಲ ಕಾಕಾ, ಸೇರಿದ್ದಕ್ಕೇ ಹೀಗಾಯಿತು. ಎರಡು ಸಲ ಹಾಕಿದೆ. ಆಯಿಯ ನೇಮ ಮುರಿದೆ.

ಕಾಕಾ ಟ್ರಂಕಿನ ಮೇಲೆ ಕೂತ. ಆಮೇಲೆ ನಕ್ಕ.

"ಹುಚ್ಚಿ. ಆ ತುತ್ತೂರಿಯಾಂವ ಎರಡ ಸಲ ಬಂದ್ರ ಅವ್ವಗ ತಿಳಿಯೂದಿಲ್ಲೇನು? ಅಷ್ಟಕ್ಕ ಊಟಾ ನಿಲ್ಲಿಸಿದ್ಲು. ಒಂದ ಅಗಳ ಮುಟ್ಟಿಲ್ಲ. ಮರುದಿವಸ ಬಸದಿ ಹಾದ್ಯಾಗ ಎಲ್ಲಾ ಹೇಳಿದ್ಲು."

"ಮತ್ತ ಉಪಾಸ ಯಾಕ ಮಾಡಿದ್ಲು?"

"'ಬಾಬೂ, ಹೊತ್ತ ಮುಳುಗಿದ್ದು ಗೊತ್ತಾತು, ಖರೆ ಏಳಾಕ ಮನಸ ಬರಲಿಲ್ಲ' ಅಂದ್ಲು. 'ಜಪಾ ಬಿಟ್ಟ, ಎಂಜಲ ಕೈಲೇ ಕುಂತ ಕೇಳಿದ್ನಿ. ಅದಕ್ಕ ಈ ಉಪಾಸ' ಅಂದ್ಲು."

ಒಣಗಿದ ಪಲ್ಯ ಹತ್ತಿದ ಆ ಬೆರಳುಗಳು ನನ್ನ ಕಣ್ಣಿಗೆ ಕಟ್ಟಿದವು. ನಾನೇ ತೊಳೆದಿದ್ದೆನಲ್ಲ! ಉಣ್ಣುತ್ತಿದ್ದ ಕೈ ಹಾಗೆ ಒಣಗುವುದುಂಟೇ?

"ನನಗ ಯಾಕ ಹೇಳಲಿಲ್ಲ ಕಾಕಾ?"

"ಮಾತ ತಗೊಂಡಿದ್ಲು. 'ಪೋರಿಗೆ ಹೇಳಬ್ಯಾಡ. ಮುದ್ದಾಂ, ಬೇಕಂತನ ಮತ್ತ ಹಾಕ್ತಾಳ, ನಾ ಮತ್ತ ಕುಂದರ್ತೇನಿ' ಅಂದ್ಲು." ಕಾಕಾ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡ. "ನೀ ತಪ್ಪಿ ಹಾಕಿದಿ ಅಂದ್ಕೊಂಡು, ಅವ್ವ ಒಬ್ಬಾಕಿನ ಕೇಳ್ಯಾಳ ಅಂತ ಸಮಾಧಾನ ಮಾಡ್ಕೊಂಡಿದ್ನಿ. ಇಬ್ಬರಿದ್ರೇನು ಹಂಗಾರ!"

ಅಂದು ಹೊತ್ತು ಮುಳುಗಿದ ಮೇಲೆ ನಾನು ಧಾರಾಳವಾಗಿ ಉಣ್ಣಬಹುದಿತ್ತು. ಹಸಿವೇ ಆಗಲಿಲ್ಲ. ಅಷ್ಟು ವರ್ಷದ ಸುಳ್ಳು ಧರ್ಮ ಅಷ್ಟರಲ್ಲಿ ನಿಜವಾಗಿಬಿಟ್ಟಿತ್ತು.

ಕಾಕಾನೂ ಈಗಿಲ್ಲ. ಮೊನ್ನೆ ಸೀನು ನಿಂತ ಮೇಲೆ ಪ್ಲೇಯರನ್ನು ಬಸ್ ಸ್ಟ್ಯಾಂಡಿನ ಹತ್ತಿರದ ರೇಡಿಯೋ ರಿಪೇರಿಯವನಿಗೆ ಕೊಟ್ಟೆ. ನಿನ್ನೆ ಅವನು ಹೊಸ ಬೆಲ್ಟು ಹಾಕಿ ಕೊಟ್ಟ. ಸಂಜೆ ಯಜಮಾನರೂ ನಾನೂ ಊಟಕ್ಕೆ ಕೂತಾಗ ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಮುಳ್ಳು ಇಟ್ಟೆ. ತುತ್ತೂರಿಯಾಂವ ಬಂದ, ಹೇಳುವುದನ್ನೆಲ್ಲ ಹೇಳಿದ, ಮುಗಿಸಿದ. ನಾನು ಎಡಗೈಯಿಂದ ಮುಳ್ಳು ಎತ್ತಿ ಮತ್ತೆ ಮೊದಲಿಗೇ ಇಟ್ಟೆ.

"ಅದ ಹಾಡ ಈಗರೇ ಆತಲ್ಲ?" ಎಂದರು ಯಜಮಾನರು.

"ಹೌದ್ರಿ. ಇದು ನಮ್ಮ ಆಯಿ ಪಾಲಿಂದು."

ಗೋಡೆಯ ಮೇಲಿನ ಬಿಸಿಲು ಹೋಯಿತು. ಬೆರಳಿಗೆ ಹತ್ತಿದ ಪಲ್ಯ ಒಣಗುತ್ತಿತ್ತು. ಕೈ ತೊಳೆಯಲು ನಾನು ಏಳಲಿಲ್ಲ.