ಕಣ ಮಾಡಿದ ಕೈ ಹುಲ್ಲು ನೆಟ್ಟಿತು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕೋಲಾರದ ಹೊರಗೆ, ಬಿಳಿಯ ಸಿಪಾಯಿಗಳ ಶಿಬಿರದ ಮುಳ್ಳುತಂತಿಯ ಪಕ್ಕದ ಬಯಲಿನಲ್ಲಿ ಗಂಗುಲಪ್ಪ ಬರಿಗಾಲಿನಲ್ಲಿ ನಡೆಯುತ್ತಿದ್ದಾರೆ. ಮಾರ್ಗಶಿರದ ಇಬ್ಬನಿ ಪಾದಗಳನ್ನು ತೋಯಿಸಿದೆ. ನಾಲ್ಕಾರು ಹೆಜ್ಜೆಗೊಮ್ಮೆ ನಿಂತು, ಹಿಮ್ಮಡಿಯನ್ನು ಹುಲ್ಲಿನೊಳಕ್ಕೆ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಕಾಲೆತ್ತಿ ಬಗ್ಗಿ ನೋಡುತ್ತಾರೆ. ಹಿಮ್ಮಡಿಯ ಗುರುತು ಮೂಡಬೇಕು, ಆದರೆ ಅದರಲ್ಲಿ ನೀರು ಜಿನುಗಬಾರದು. ಗುರುತು ಮೂಡದ ಕಡೆ ಸೀಮೆಎಣ್ಣೆ ಡಬ್ಬದಿಂದ ನೀರು ಚಿಮುಕಿಸಿ ಮುಂದೆ ಸರಿಯುತ್ತಾರೆ.

ಇವತ್ತು ಮಧ್ಯಾಹ್ನ ಇಲ್ಲಿ ಕಾಲ್ಚೆಂಡಿನ ಪಂದ್ಯವಿದೆ. ಯುದ್ಧಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಚೆಂಡಾಟವನ್ನೇ ಕಸುಬು ಮಾಡಿಕೊಂಡಿದ್ದು, ಈಗ ಸಮವಸ್ತ್ರ ತೊಟ್ಟಿರುವ ಆಟಗಾರರ ತಂಡವೊಂದು ಶಿಬಿರದಿಂದ ಶಿಬಿರಕ್ಕೆ ಹೋಗಿ ಆಡುತ್ತಿದೆ. ಆ ತಂಡದವನೊಬ್ಬ ಜ್ವರ ಬಂದು ಆಸ್ಪತ್ರೆ ಸೇರಿದ್ದಾನೆ. ಅವನ ಜಾಗಕ್ಕೆ ಇಲ್ಲಿಂದ ಒಬ್ಬನನ್ನು ಆರಿಸಿಕೊಂಡು ಹೋಗುತ್ತಾರಂತೆ. ಆಯ್ಕೆಯಾದವನ ಹೆಸರು ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಬರುತ್ತದೆ, ಅಲ್ಲಿಯ ಚೆಂಡಾಟದ ದೊಡ್ಡ ಸಂಘಗಳವರ ಕಣ್ಣಿಗೆ ಬೀಳುತ್ತದೆ. ಆ ಜಾಗಕ್ಕಾಗಿ ಇಲ್ಲಿ ಕಾದಿರುವವನು ನಾರ್ಮನ್ ಪ್ರೈಸ್ ಎಂಬ ಇಪ್ಪತ್ತೆರಡರ ಯುವಕ. ಅವನ ಎಡಗಾಲಿನ ಮಂಡಿ ಹೋದ ಸಂಕ್ರಾಂತಿಯ ಹೊತ್ತಿಗೆ ತಿರುಚಿಕೊಂಡಿತ್ತು. ಅದು ತಿರುಚಿದ್ದು ಇದೇ ನೆಲದ ಮೇಲೆ, ಗಂಗುಲಪ್ಪನವರು ಬಹಳ ಶ್ರದ್ಧೆಯಿಂದ ಮಾಡಿಕೊಟ್ಟಿದ್ದ ನೆಲದ ಮೇಲೆ.

"ನಂಗೆ ಸೋಲು ಗೆಲುವು ಗೊತ್ತಾಗಲ್ಲ ಸ್ವಾಮಿ," ಎನ್ನುತ್ತಾರೆ ಅವರು. "ಚೆಂಡು ಎತ್ಲಾಗೆ ಹೋದ್ರೆ ಯಾರ್ಗೆ ಲಾಭ ಅನ್ನೋದೂ ತಿಳೀದು. ನಾನು ಅವನ ಎಡಗಾಲು ಒಂದೇ ನೋಡ್ತೀನಿ."

ಗಂಗುಲಪ್ಪ ಹೋಳೂರಿನವರು. ವಯಸ್ಸು ಐವತ್ತರ ಆಸುಪಾಸು. ಅಣ್ಣತಮ್ಮಂದಿರ ಪಾಲಿನಲ್ಲಿ ಬಂದ ಹೊಲದಲ್ಲಿ ರಾಗಿ, ಬದುವಿನಲ್ಲಿ ಅವರೆ. ಆದರೆ ಸುತ್ತಮುತ್ತಲ ಹಳ್ಳಿಗಳಲ್ಲಿ ಅವರಿಗೆ ಹೆಸರಿರುವುದು ಬೆಳೆಯಿಂದಲ್ಲ, ತೆನೆ ಬಡಿಯುವ ಕಣ ಮಾಡುವುದರಿಂದ. ರಾಗಿ ಕೊಯ್ಲು ಮುಗಿಯುತ್ತಿದ್ದ ಹಾಗೆ ಹತ್ತು ಕಡೆಯಿಂದ ಕರೆ ಬರುತ್ತದೆ. ನೆಲ ಕೆತ್ತಿ, ನೀರು ಕುಡಿಸಿ, ಎತ್ತುಗಳಿಂದ ತುಳಿಸಿ, ಕಲ್ಲುಗುಂಡು ಉರುಳಿಸಿ, ಕೊನೆಗೆ ಸಗಣಿ ಬಗ್ಗಡ ಸಾರಿಸಿದರೆ ಅವರ ಕಣದಲ್ಲಿ ಒಂದು ಕಾಳೂ ಮಣ್ಣಿಗೆ ಕಚ್ಚುವುದಿಲ್ಲ. ಬೆಳಗ್ಗೆ ಅದರ ಮೇಲೆ ಬಿಸಿಲು ಬಿದ್ದರೆ ಹಿತ್ತಾಳೆಯ ತಟ್ಟೆ ಕಂಡಂತೆ ಕಾಣುತ್ತದೆ.

ಶಿಬಿರ ಬಂದಾಗ ಗಂಗುಲಪ್ಪ ಕೂಲಿಗೆಂದು ಸೇರಿದರು. ಯಾವ ಪಡೆ, ಎಷ್ಟು ಜನ ಎಂಬುದು ಯುದ್ಧಕಾಲದಲ್ಲಿ ಪತ್ರಿಕೆಯಲ್ಲಿ ಬರೆಯುವ ವಿಷಯವಲ್ಲ. ಆಟದ ಬಯಲೊಂದು ಬೇಕೆಂದು ಮೇಲಿನವರ ಅಪ್ಪಣೆಯಾಯಿತು. ಶಿಬಿರದ ಗುಮಾಸ್ತ ಕದಿರೇಶ ಅದನ್ನು ಕನ್ನಡಕ್ಕೆ ತಂದು ಹೇಳಿದ್ದು ಇಷ್ಟೇ: ನೆಲ ಸಮನಾಗಿರಬೇಕು, ಒಂದು ಕಲ್ಲೂ ಇರಬಾರದು, ಚೆನ್ನಾಗಿ ಕಲ್ಲುಗುಂಡು ಉರುಳಿಸಿರಬೇಕು. ಇಂಥ ಗುಣಗಳೆಲ್ಲ ಇರುವ ನೆಲ ಗಂಗುಲಪ್ಪನವರ ಅರಿವಿನಲ್ಲಿ ಒಂದೇ. ಆಳುಗಳನ್ನು ಕಟ್ಟಿಕೊಂಡು, ನಾಲ್ಕು ಜೊತೆ ಎತ್ತು ಹೊಡೆಸಿ, ಗಾಡಿಗಟ್ಟಲೆ ಸಗಣಿ ತರಿಸಿ, ಕಾಲ್ಚೆಂಡಿನ ಬಯಲಷ್ಟು ದೊಡ್ಡ ಕಣ ಮಾಡಿಬಿಟ್ಟರು.

"ನೋಡೋಕೆ ಊರೂರಿಂದ ಜನ ಬಂದ್ರು," ಎಂದು ಕದಿರೇಶ ನೆನೆಯುತ್ತಾನೆ. "ಮೈಸೂರು ಸೀಮೆ ರಾಗಿಯೆಲ್ಲ ಇಲ್ಲೇ ಬಡೀಬಹುದು ಕಣಣ್ಣ ಅಂದ್ರು. ನಾನೂ ಶಭಾಷ್ ಅಂದಿದ್ದೆ. ಸುಳ್ಳು ಯಾಕೆ ಹೇಳ್ಲಿ."

ಮೊದಲ ಆಟದ ದಿನ ಸಿಪಾಯಿಗಳು ಬೂಟು ತೊಟ್ಟು ಬಂದರು. ಕಣಕ್ಕೆ ಯಾರೂ ಜೋಡು ಮೆಟ್ಟಿ ಕಾಲಿಡುವುದಿಲ್ಲ. ಅನ್ನ ಹುಟ್ಟುವ ಜಾಗ ಅದು. ಗಂಗುಲಪ್ಪ ಓಡಿಹೋಗಿ ಅಡ್ಡ ನಿಂತು, ಎರಡೂ ಕೈ ಚಾಚಿ, ಬೂಟು ಬಿಚ್ಚಿ ಎಂದರು. ಸಿಪಾಯಿಗಳು ನಕ್ಕರು. ಒಬ್ಬ ಮಾತ್ರ ಕೂತು ಬೂಟಿನ ದಾರ ಸಡಿಲಿಸತೊಡಗಿದ. ಅವನೇ ನಾರ್ಮನ್. ತಂಡದ ನಾಯಕ ಗದರಿದ್ದಕ್ಕೆ ಮತ್ತೆ ಕಟ್ಟಿಕೊಂಡ.

ಅವರ ಬೂಟಿನ ಅಡಿಯಲ್ಲಿ ಚರ್ಮದ ಗಟ್ಟಿ ಬಿಲ್ಲೆಗಳನ್ನು ಮೊಳೆ ಹೊಡೆದು ಕೂರಿಸಿರುತ್ತಾರೆ. ಮೆತ್ತನೆಯ ನೆಲದಲ್ಲಿ ಅವು ಮಣ್ಣಿಗೆ ಕಚ್ಚಿಕೊಂಡು ಓಡುವವನನ್ನು ಹಿಡಿದು ನಿಲ್ಲಿಸುತ್ತವೆ. ಸಗಣಿ ಸಾರಿಸಿದ ಗಟ್ಟಿ ನೆಲದಲ್ಲಿ ಕಚ್ಚಲು ಜಾಗವಿಲ್ಲ. ಗೋಲಿಯ ಮೇಲೆ ನಿಂತ ಹಾಗೆ ಜಾರುತ್ತವೆ. ಚೆಂಡು ಒಂದು ಸಲ ಪುಟಿದರೆ ಆಳಿನ ತಲೆಯ ಮೇಲೆ ಹೋಗುತ್ತಿತ್ತು. ಅದನ್ನು ಹಿಡಿಯಲು ನಾರ್ಮನ್ ಓಡುತ್ತಲೇ ತಿರುಗಿದ. ಮೈ ತಿರುಗಿತು, ಕಾಲು ಜಾರಿತು, ಆ ಎರಡರ ನಡುವೆ ಮಂಡಿ ಸಿಕ್ಕಿಕೊಂಡಿತು. ಮೊಣಕೈ, ತೊಡೆ ಸುಲಿದುಕೊಂಡವರು ಇನ್ನೂ ಐದಾರು ಜನ. ಅವರಿಗೆ ವಾರದಲ್ಲಿ ವಾಸಿಯಾಯಿತು.

"ಬಂದಿದ್ದ ಜನ ಎಲ್ಲಾ ನನ್ ಮಕ ನೋಡಿದ್ರು," ಎನ್ನುತ್ತಾರೆ ಗಂಗುಲಪ್ಪ. "ಕಣದಾಗೆ ರಕ್ತ ಬಿದ್ದದ್ದು ಅದೇ ಮೊದ್ಲು."

ನಾರ್ಮನ್‌ನ ಕಥೆಯನ್ನು ಅವರು ಕೇಳಿ ತಿಳಿದದ್ದು ಆಮೇಲೆ. ಕಂಕುಳಿಗೆ ಕೋಲು ಕೊಟ್ಟುಕೊಂಡು ಅವನು ಬಯಲಿನ ಅಂಚಿಗೆ ಬಂದು ಕೂರುತ್ತಿದ್ದ. ಕದಿರೇಶ ನಡುವೆ ಕೂತು ಆಚೆಯ ಮಾತು ಈಚೆಗೆ, ಈಚೆಯದು ಆಚೆಗೆ ದಾಟಿಸುತ್ತಿದ್ದ. ನಾರ್ಮನ್‌ನ ಊರಿನಲ್ಲಿ ಕಲ್ಲಿದ್ದಲು ಗಣಿ. ಅಪ್ಪ, ಇಬ್ಬರು ಅಣ್ಣಂದಿರು ಗಣಿಗೆ ಇಳಿಯುವವರು. ಇವನು ಹದಿನಾಲ್ಕಕ್ಕೆ ಊರಿನ ಚೆಂಡಾಟದ ಸಂಘಕ್ಕೆ ಸೇರಿದ. ಸೇರಿದ್ದು ಆಟಗಾರನಾಗಿ ಅಲ್ಲ, ನೆಲದ ಆಳಾಗಿ. ಅಲ್ಲಿ ಹುಡುಗರನ್ನು ಹಾಗೆಯೇ ತೆಗೆದುಕೊಳ್ಳುತ್ತಾರೆ. ಜನ ಕೂರುವ ಮೆಟ್ಟಿಲು ಗುಡಿಸಬೇಕು, ದೊಡ್ಡ ಆಟಗಾರರ ಬೂಟಿನ ಕೆಸರು ಕೆರೆದು ಎಣ್ಣೆ ಹಚ್ಚಬೇಕು, ಹುಲ್ಲು ಸಮ ಮಾಡಲು ಅದರ ಮೇಲೆ ಗುಂಡು ಎಳೆಯಬೇಕು. ಇದೆಲ್ಲ ಮುಗಿದು ಹಗಲು ಉಳಿದಿದ್ದರೆ ಚೆಂಡು ಮುಟ್ಟಬಹುದು. ಹದಿನೇಳು ತುಂಬಿದ ದಿನ ಸಂಘ ಒಂದೋ ಇಟ್ಟುಕೊಳ್ಳುತ್ತದೆ, ಇಲ್ಲವೋ ಕಳಿಸಿಬಿಡುತ್ತದೆ. ನಾರ್ಮನ್‌ನನ್ನು ಇಟ್ಟುಕೊಂಡರು. ಅದು ಮೂವತ್ತೊಂಬತ್ತನೆಯ ಇಸವಿಯ ಬೇಸಿಗೆ. ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು, ಪಂದ್ಯಾವಳಿ ನಿಂತಿತು, ಕರಾರುಗಳನ್ನೆಲ್ಲ ಅಮಾನತಿನಲ್ಲಿಟ್ಟರು. ದೊಡ್ಡ ತಂಡದಲ್ಲಿ ಅವನು ಒಂದು ಆಟವನ್ನೂ ಆಡಲಿಲ್ಲ.

"ಮೂವತ್ತು ದಾಟಿದ್ರೆ ಅವ್ರಲ್ಲಿ ಮುದುಕ ಅಂತಾರಂತೆ," ಎನ್ನುತ್ತಾರೆ ಗಂಗುಲಪ್ಪ. "ನಮ್ ಎತ್ತಿಗಿಂತ ಅನ್ಯಾಯ. ಐದು ವರ್ಸ ಯುದ್ಧ ತಿಂತು. ಉಳಿದಿದ್ದನ್ನ ನನ್ ಕಣ ತಿನ್ನೋಕೆ ಬಂತು."

ಬಯಲಿಗೆ ಹುಲ್ಲು ಬೇಕೆಂದು ಶಿಬಿರದವರು ವಿಲಾಯಿತಿಯಿಂದ ಬೀಜ ತರಿಸಿ, ಒಂದು ಮೂಲೆಯಲ್ಲಿ ನೆಲ ಕೆದಕಿ ಬಿತ್ತಿಸಿದರು. ಮೊಳೆತು, ವೈಶಾಖದ ಬಿಸಿಲಿಗೆ ನೆತ್ತಿ ಕೆಂಪಾಗಿ ಸತ್ತಿತು. ಇಲ್ಲಿ ಸಾಯದೆ ಉಳಿಯುವ ಹುಲ್ಲು ಯಾವುದು ಎಂದು ನಾರ್ಮನ್ ಕದಿರೇಶನ ಕೈಲಿ ಕೇಳಿಸಿದ. ಗಂಗುಲಪ್ಪ ಉತ್ತರ ಹೇಳಲು ನಾಚಿದರು. ಎಷ್ಟು ಕಿತ್ತರೂ ಸಾಯದ ಗರಿಕೆ ಪ್ರತಿ ರಾಗಿ ಹೊಲದಲ್ಲೂ ಇದೆ. ಅದನ್ನು ಕೀಳುವುದರಲ್ಲೇ ರೈತನ ಅರ್ಧ ಆಯುಸ್ಸು ಹೋಗುತ್ತದೆ.

ಮುಂಗಾರು ಬೀಳುತ್ತಲೇ ಅವರು ಪಿಕಾಸಿ ಹಿಡಿದು ತಮ್ಮ ಕಣವನ್ನು ತಾವೇ ಒಡೆದರು. ಕೆರೆಯ ಗೋಡುಮಣ್ಣು ಹೊಡೆಸಿ ಹರಡಿದರು. ಕೆರೆಯಂಗಳದಿಂದ ಗರಿಕೆಯ ಬೇರು ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ಗಾಡಿಯಲ್ಲಿ ತಂದು ಗೇಣಿಗೊಂದರಂತೆ ನೆಟ್ಟರು. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ನಗುತ್ತಿದ್ದರು. "ಏನ್ಲಾ ಗಂಗುಲಾ, ಕಳೆ ಬಿತ್ತಿದೀಯಾ? ಮುಂದಿನ ವರ್ಸ ಜಾಲಿ ಹಾಕ್ತೀಯೇನೋ," ಎಂದು ಸಂಬಂಧಿಕ ಕೋದಂಡರಾಮಪ್ಪ ಕೂಗಿದ್ದು ಈಗಲೂ ಊರಿನಲ್ಲಿ ಆಡಿಕೊಳ್ಳುವ ಮಾತು.

ಹಸುರಾದ ಮೇಲೆ ದನಗಳ ಕಾಟ. ಅದನ್ನು ನೋಡಿಕೊಂಡವರು ಹೆಂಡತಿ ದೊಡ್ಡಮುನಿಯಮ್ಮ. ಅವರ ಬಾಯಲ್ಲಿ ನಾರ್ಮನ್ ನಾರಣಪ್ಪನಾಗಿದ್ದಾನೆ. "ಪಾಪಂ, ಆ ನಾರಣಪ್ಪ ಕುಂಟ್ಕೊಂಡು ಬಂದು ನನ್ ಜತೆ ಹಸು ಅಟ್ತಿದ್ದ," ಎನ್ನುತ್ತಾರೆ. "ಅವನ ಭಾಷೇಲಿ ಬೈತಿದ್ದ. ಹಸುಗಳು ನಿಂತು ಕೇಳ್ತಿದ್ವೇ ಹೊರತು ಹೋಗ್ತಿರ್ಲಿಲ್ಲ. ನಾನು ತೆಲುಗಲ್ಲಿ ಒಂದು ಬಿಟ್ರೆ ಓಟ."

ಹಿಮ್ಮಡಿ ಊರಿ ನೋಡುವ ಪರೀಕ್ಷೆಯನ್ನು ಕಲಿಸಿದವನೂ ನಾರ್ಮನ್. ತನ್ನ ಊರಿನಲ್ಲಿ ಗುಂಡು ಎಳೆಯುವ ಕೆಲಸವನ್ನು ಶಾಪ ಹಾಕುತ್ತ ಮಾಡುತ್ತಿದ್ದನಂತೆ. ಇಲ್ಲಿ ಕೋಲಿನ ತುದಿಯಿಂದ ಇಲ್ಲಿ ನೀರು, ಇಲ್ಲಿ ಮಣ್ಣು ಎಂದು ತೋರಿಸುವಾಗ ಆ ಶಾಪವೆಲ್ಲ ಮರೆತವನಂತೆ ಕಾಣುತ್ತಿದ್ದ. ಗಂಗುಲಪ್ಪನವರಿಗೆ ಇದೆಲ್ಲ ಮೊದಮೊದಲು ತಲೆಕೆಳಗಾದ ವಿದ್ಯೆ. ಕಾಲು ಹೂತರೆ ಕಣ ಕೆಟ್ಟಿತು ಎಂದು ಕಲಿತವರು, ಕಾಲು ಹೂತರೇ ನೆಲ ಒಳ್ಳೆಯದು ಎಂದು ಕಲಿಯಬೇಕಾಯಿತು.

ಮಧ್ಯಾಹ್ನ ಪಂದ್ಯ ಶುರುವಾಗುತ್ತದೆ. ತಂತಿಯ ಈಚೆ ಊರಿನವರು, ಆಚೆ ಸಿಪಾಯಿಗಳು. ಬಂದ ತಂಡದ ಯಜಮಾನ ನೆರೆತ ಮೀಸೆಯ ಮನುಷ್ಯ. ಕುರ್ಚಿ ಕೊಟ್ಟರೂ ಕೂರದೆ ಗೆರೆಯುದ್ದಕ್ಕೂ ನಡೆದಾಡುತ್ತಾನೆ. ಗಂಗುಲಪ್ಪ ಗೋಲಿನ ಕಂಬದಿಂದ ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ನಾರ್ಮನ್ ನಡುಸಾಲಿನ ಎಡಬದಿಯಲ್ಲಿ ಆಡುತ್ತಿದ್ದಾನೆ. ಚೆಂಡು ಮಂಡಿಯ ಎತ್ತರಕ್ಕಷ್ಟೇ ಪುಟಿದು ಅವನ ಮುಂದೆ ತಗ್ಗುತ್ತದೆ. ಎರಡು ಸಲ ಎದುರಾಳಿಯ ಕಾಲಿನಿಂದ ಚೆಂಡು ಕಿತ್ತು ದೂರಕ್ಕೆ ಒದೆಯುತ್ತಾನೆ. ಯಜಮಾನ ನಿಂತು ನೋಡುತ್ತಾನೆ.

ಅರ್ಧ ಆಟ ಕಳೆದ ಮೇಲೆ ನಾರ್ಮನ್ ಬೀಳುತ್ತಾನೆ. ಎಡಗಾಲು ಕೆಳಗೆ, ಇಬ್ಬರು ಮೇಲೆ. ಗಂಗುಲಪ್ಪ ಎದ್ದು ನಿಲ್ಲುತ್ತಾರೆ. ಮೇಲಿನವರು ಸರಿಯುತ್ತಾರೆ. ನಾರ್ಮನ್ ಕೈಯೂರಿ ಏಳುತ್ತಾನೆ, ಮಂಡಿಗೆ ಮೆತ್ತಿದ ಹಸುರನ್ನು ಒರೆಸಿಕೊಂಡು ಓಡುತ್ತಾನೆ.

"ಕೂತ್ಕೋ ಗಂಗುಲಣ್ಣ," ಎಂದು ಕದಿರೇಶ ಅವರ ಪಂಚೆ ಜಗ್ಗುತ್ತಾನೆ. "ಎದ್ದ ಅವನು."

"ಎದ್ದ. ಸರಿ. ತಿರುಗ್ತಾನಾ ನೋಡು."

ತಿರುಗುತ್ತಾನೆ. ಆದರೆ ಎಡಕ್ಕೆ ತಿರುಗುವಾಗ ಒಂದು ಕ್ಷಣ ತಡೆಯುತ್ತಾನೆ, ಕತ್ತಲಲ್ಲಿ ಮೆಟ್ಟಿಲು ಹುಡುಕುವವನ ಹಾಗೆ. ಗೊತ್ತಿಲ್ಲದವರಿಗೆ ಅದು ಕಾಣುವುದಿಲ್ಲ. ಗಂಗುಲಪ್ಪನವರಿಗೆ ಕಾಣುತ್ತದೆ, ಯಜಮಾನನಿಗೂ ಕಾಣುತ್ತದೆ.

ಆಟ ಮುಗಿದು ಯಜಮಾನ ಕೈ ಇಡುವುದು ಬೇರೊಬ್ಬನ ಹೆಗಲ ಮೇಲೆ. ಅವನು ಹತ್ತೊಂಬತ್ತರ ಒಬ್ಬ ಲಾರಿ ಡ್ರೈವರ್. ದೀಪಾವಳಿಯ ಹೊತ್ತಿಗೆ ಈ ಶಿಬಿರಕ್ಕೆ ಬಂದವನು, ಈ ನೆಲ ಕಣವಾಗಿದ್ದನ್ನು ನೋಡಿಯೇ ಇಲ್ಲ. ನಾರ್ಮನ್‌ಗೆ ಯಜಮಾನ ನಾಲ್ಕು ಮಾತು ಹೇಳುತ್ತಾನೆ. ಯುದ್ಧ ಮುಗಿದ ಮೇಲೆ ನಿನ್ನ ಸಂಘವನ್ನೇ ಕೇಳು, ಒಂದು ತಿಂಗಳು ಪರೀಕ್ಷೆಗೆ ಇಟ್ಟುಕೊಂಡರೂ ಇಟ್ಟುಕೊಳ್ಳಬಹುದು ಎನ್ನುತ್ತಾನೆ. ಭರವಸೆ ಕೊಡುವುದಿಲ್ಲ.

ಸಂಜೆ ನಾರ್ಮನ್ ಬೂಟು ಕೈಯಲ್ಲಿ ಹಿಡಿದು ಬಯಲು ದಾಟಿ ಬರುತ್ತಾನೆ. ಗಂಗುಲಪ್ಪ ಕದಿರೇಶನ ಕಡೆ ತಿರುಗಿ, ಇಷ್ಟು ತಿಂಗಳು ಕೇಳದಿದ್ದುದನ್ನು ಕೇಳಿಸುತ್ತಾರೆ.

"ನನ್ ಕಣದಿಂದಲೇನಾ ಅಂತ ಕೇಳಪ್ಪ. ಸುತ್ತಿ ಬಳಸಿ ಕೇಳ್ಬೇಡ."

ಕದಿರೇಶ ಕೇಳುತ್ತಾನೆ. ನಾರ್ಮನ್ ಬೂಟು ಕೆಳಗಿಟ್ಟು ಹುಲ್ಲಿನ ಮೇಲೆ ಕೂರುತ್ತಾನೆ. ಅವನು ಹೇಳಿದ್ದನ್ನು ಕದಿರೇಶ ಹೀಗೆ ದಾಟಿಸುತ್ತಾನೆ: "ನಮ್ಮೂರ ಸಂಘದ ಬಾಗಿಲಿಗೆ ವರ್ಷ ವರ್ಷ ನಲವತ್ತು ಹುಡುಗರು ಬರ್ತಾರೆ. ಇಬ್ಬರೋ ಮೂವರೋ ಉಳೀತಾರೆ. ವಾಪಸ್ ಹೋದೋರ ಮಂಡಿಗೆ ಏನೂ ಆಗಿರಲ್ಲ, ಎರಡೂ ಚೆನ್ನಾಗೇ ಇರ್ತವೆ."

ಇದು ನಿಜವೇ, ಗಂಗುಲಪ್ಪನವರ ಮನಸ್ಸು ನೋಯದಿರಲೆಂದು ಆಡಿದ ಮಾತೇ ಎಂದು ತೀರ್ಮಾನಿಸುವುದು ಕಷ್ಟ. ಒಂದು ಫಲಕ್ಕೆ ಎರಡು ಕಾರಣಗಳಿದ್ದಾಗ, ಒಂದನ್ನು ತೆಗೆದಿಟ್ಟು ಇನ್ನೊಂದನ್ನು ಮಾತ್ರ ನಡೆಸಿ ನೋಡಿದರೆ ಯಾವುದರ ಪಾಲು ಎಷ್ಟೆಂದು ತಿಳಿಯುತ್ತದೆ. ಪ್ರಯೋಗಶಾಲೆಯಲ್ಲಿ ಅದು ಸಾಧ್ಯ. ಯುದ್ಧವಿಲ್ಲದ ಐದು ವರ್ಷ, ಕಣವಿಲ್ಲದ ಒಂದು ಮಧ್ಯಾಹ್ನ, ಇವನ್ನು ಯಾರ ಆಯುಸ್ಸಿನಲ್ಲೂ ಬೇರೆ ಬೇರೆಯಾಗಿ ನಡೆಸಿ ನೋಡಲಾಗದು. ಗಂಗುಲಪ್ಪ ಅದನ್ನು ತಮ್ಮ ರೀತಿಯಲ್ಲಿ ಅರಿತಿದ್ದಾರೆ. "ಅವನು ಹಂಗಂದ. ನಾನು ಕೇಳ್ಕೊಂಡೆ. ಪೂರ್ತಿ ನಂಬಿಲ್ಲ, ಪೂರ್ತಿ ಬಿಟ್ಟೂ ಇಲ್ಲ," ಎನ್ನುತ್ತಾರೆ.

ಮರುದಿನ ಬೆಳಗ್ಗೆ ಬಂದ ತಂಡ ಲಾರಿ ಹತ್ತಿ ಹೋಗುತ್ತದೆ. ಡ್ರೈವರ್ ಯುವಕ ಹಿಂದೆ ಕೂತು ಕೈ ಬೀಸುತ್ತಾನೆ. ಗಂಗುಲಪ್ಪ ಆಗಲೇ ಗೋಲಿನ ಮುಂದೆ ಕೂತು, ಬೂಟುಗಳು ಕಿತ್ತುಹಾಕಿರುವ ಜಾಗಕ್ಕೆ ಹೊಸ ಗರಿಕೆ ನೆಡುತ್ತಿದ್ದಾರೆ. ಇನ್ನು ಯಾರೂ ಆರಿಸಲು ಬರುವುದಿಲ್ಲವಲ್ಲ, ಇಷ್ಟು ಅವಸರ ಏಕೆ ಎಂದು ಕೇಳಿದರೆ ತಲೆಯೆತ್ತದೆ ಹೇಳುತ್ತಾರೆ:

"ಶನಿವಾರ ಇವ್ರ ಇವ್ರಲ್ಲೇ ಆಟ ಐತೆ. ಆರಿಸ್ದೋನು ಹೊರಟೋದ ಸ್ವಾಮಿ. ಉಳಿದೋರು ಇಲ್ಲೇ ಬೀಳ್ಬೇಕಲ್ಲ, ಅವ್ರಿಗೂ ನೆಲ ಬೇಕು."